ಗುಜರಿಗೆ ಹೋಗಬೇಕಿದ್ದ ಕಾರು

ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಮರಿಸ್ವಾಮಿಯವರ ಅಂಗಳದಲ್ಲಿ ಎರಡು ವರ್ಷದಿಂದ ಒಂದು ಬಿಳಿ ಕಾರು ನಿಂತಿತ್ತು. ಅದನ್ನು ಓಡಿಸುತ್ತಿದ್ದವನು ಅವರ ಮಗ ಬಸವಲಿಂಗ. ಒಂದು ಸಂಜೆ ರಾಯಚೂರಿನಿಂದ ಊರಿಗೆ ಬರುವಾಗ, ಕಲ್ಲೂರು ದಾಟಿದ ಮೇಲೆ, ಹಿಂದಿನ ದೀಪವಿಲ್ಲದೆ ರಸ್ತೆಯಲ್ಲೇ ನಿಂತಿದ್ದ ಭತ್ತದ ಟ್ರ್ಯಾಕ್ಟರಿಗೆ ಕಾರು ಹೋಗಿ ಗುದ್ದಿತು. ಬಸವಲಿಂಗ ಆಸ್ಪತ್ರೆ ಮುಟ್ಟಲಿಲ್ಲ.

ಇನ್ಶೂರೆನ್ಸ್ ಕಂಪನಿಯಿಂದ ಬಂದವನು ಕಾರಿನ ಸುತ್ತ ತಿರುಗಿ ನೋಡಿ, ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮುಟ್ಟುತ್ತದೆ, ಇದು ‘ಟೋಟಲ್ ಲಾಸ್’ ಎಂದ. ಅಂಥ ಗಾಡಿಗಳನ್ನು ಗುಜರಿಯವರು ಹರಾಜಿನಲ್ಲಿ ಹಿಡಿಯುತ್ತಾರೆ. ಬೇಡವೆಂದರೆ ಪರಿಹಾರದಲ್ಲಿ ಗುಜರಿಯ ಬೆಲೆಯಷ್ಟು ಬಿಟ್ಟುಕೊಟ್ಟು ಮಾಲೀಕನೇ ಇಟ್ಟುಕೊಳ್ಳಬಹುದು. ಮರಿಸ್ವಾಮಿ ಇಟ್ಟುಕೊಂಡರು. ಮಗ ಕೂತಿದ್ದ ಸೀಟನ್ನು ಯಾರೋ ತಕ್ಕಡಿಗೆ ಹಾಕುತ್ತಾರೆ ಎನ್ನುವುದನ್ನು ಅವರಿಂದ ನೆನೆಯಲಿಕ್ಕೂ ಆಗಲಿಲ್ಲ.

ಕಾರನ್ನು ರಾಯಚೂರಿಗೆ ಎಳೆಸಿ ಮತೀನನ ಗ್ಯಾರೇಜಿನಲ್ಲಿ ಬಿಟ್ಟರು. ಮತೀನ್ ಮೊದಲೇ ಹೇಳಿದ.

“ಸಾವ್ಕಾರ್ರ, ನೋಡಾಕ ಮೊದಲಿನಂಗ ಮಾಡಿಕೊಡ್ತೀನ್ರಿ. ಆದ್ರ ಚಾಸಿ ಸೊಟ್ಟ ಆಗ್ಯಾದ. ಜಗ್ಗಿ ವೆಲ್ಡಿಂಗ್ ಹೊಡದ್ರೂ ಆ ಗಟ್ಟಿತನ ತಿರುಗಿ ಬರಂಗಿಲ್ಲ. ಏರ್‌ಬ್ಯಾಗ್ ಎರಡೂ ಒಡದಾವ. ಹೊಸಾವು ಹಾಕ್ಲಾ?”

“ಓಡ್ಸೋರು ಯಾರದಾರ ಮತೀನ್?” ಎಂದರು ಮರಿಸ್ವಾಮಿ. “ಮೊದಲಿನಂಗ ಕಂಡ್ರ ಸಾಕು.”

ಮತೀನ್ ಒಡೆದ ಏರ್‌ಬ್ಯಾಗುಗಳ ಜಾಗದಲ್ಲಿ ಬರೀ ಮುಚ್ಚಳ ಕೂರಿಸಿ, ಬಣ್ಣ ಬಳಿದು, ಕಾರನ್ನು ಮಾನ್ವಿಗೆ ತಂದು ಬಿಟ್ಟುಹೋದ. ಮರಿಸ್ವಾಮಿ ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಗಿರಣಿಗೆ ಹೊರಡುವ ಮುಂಚೆ ಕಾರಿನ ಗಾಜು ಒರೆಸುತ್ತಿದ್ದರು.

ಹೆಂಡತಿ ಗುರುಶಾಂತಮ್ಮ ಬಹಳ ದಿನ ಏನೂ ಅನ್ನಲಿಲ್ಲ. ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ದಿನ, ಗಂಡನಿಗೆ ಉಣಬಡಿಸುತ್ತ ಬಾಯಿ ಬಿಟ್ಟರು.

“ಅದು ಕಂಡ್ರ ನಿಮಗ ಮಗ ಮನ್ಯಾಗ ಅದಾನ ಅನಸ್ತದ. ನನಗ ದಿನಾ ಬಾಗಲಾ ತಗದ ಕೂಡ್ಲೆ ಅವನ ಹೆಣ ಈಗ ಬಂತು ಅನಸ್ತದ್ರೀ. ಮಾರಿಬಿಡ್ರಿ.”

ಮರಿಸ್ವಾಮಿ ತುತ್ತನ್ನು ತಟ್ಟೆಗೆ ಇಟ್ಟರು. ತಾವು ಒರೆಸುತ್ತಿದ್ದ ಗಾಜಿನ ಆಚೆ ಹೆಂಡತಿ ಏನನ್ನು ನೋಡುತ್ತಿದ್ದಳೆಂದು ಈ ಎರಡು ವರ್ಷದಲ್ಲಿ ಅವರು ಒಮ್ಮೆಯೂ ಕೇಳಿರಲಿಲ್ಲ.

ಮರಿಸ್ವಾಮಿ ಕರೆಸಿದ ರಾಯಚೂರಿನ ಗಾಡಿ ದಲ್ಲಾಳಿ ಜಗದೀಶ ಬಂದು ನೋಡಿದ. ಕಾಗದಗಳೆಲ್ಲ ಮರಿಸ್ವಾಮಿಯವರ ಹೆಸರಿನಲ್ಲೇ ಇದ್ದವು.

“ಆರ್‌ಸಿ ಚೊಕ್ಕ ಅದ್ರೀ. ಅದರಾಗ ಆಕ್ಸಿಡೆಂಟಿಂದು ಒಂದಕ್ಷರ ಇಲ್ಲ.”

“ಟೋಟಲ್ ಲಾಸ್ ಆದದ್ದು ತೊಗೊಳ್ಳೋರಿಗೆ ಹೇಳಬೇಕಲ್ಲ?”

“ಹೇಳಿದ್ರ ಒಬ್ಬ ಗಿರಾಕಿ ನಿಂದ್ರಂಗಿಲ್ಲ. ಇನ್ಶೂರೆನ್ಸ್‌ನ್ಯಾಗ ಹುಡುಕಿದ್ರ ಸಿಗ್ತದ, ಖರೇ. ಹುಡುಕೋರು ಯಾರು? ಕೇಳಿದ್ರ ಬಂಪರ್ ತಾಕಿತ್ತು ಅನ್ರಿ. ಕೇಳದಿದ್ರ ಸುಮ್ನಿರ್ರಿ.”

ಮರಿಸ್ವಾಮಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಸುಮ್ಮನಿರುವುದು ಅವರಿಗೆ ರೂಢಿಯಾಗಿತ್ತು. ಮಗ ಸತ್ತ ಮಾತನ್ನು ಇಷ್ಟು ದಿನ ಊರವರು ಆಡಿದ್ದರು, ನೆಂಟರು ಆಡಿದ್ದರು. ಅವರ ಬಾಯಿಂದ ಮಾತ್ರ ಅದು ಹೊರಟಿರಲಿಲ್ಲ.

ಮುಂದಿನ ಸೋಮವಾರ ಜಗದೀಶನೂ ಬಂದ, ದೇವದುರ್ಗದಿಂದ ಗಿರಾಕಿಯೂ ಬಂದರು. ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವ ಆಂಜನೇಯ, ಅವನ ತಾಯಿ ಹನುಮಂತಮ್ಮ, ಬಸುರಿ ಹೆಂಡತಿ ಮಲ್ಲಿಕಾ. ಗುರುಶಾಂತಮ್ಮ ಕುಡಿಯಲು ನೀರು ಕೊಟ್ಟು, ಮಲ್ಲಿಕಾಳಿಗೆ ಕುರ್ಚಿ ಹಾಕಿಸಿದರು. ಹನುಮಂತಮ್ಮ ಕೇಳದೆಯೇ ಹೇಳಿದಳು.

“ನಮ್ಮ ಕುಲದಾಗ ಯಾರೂ ಕಾರ್ ತೊಗೊಂಡಿಲ್ರಿ ಯವ್ವಾ. ಹ್ವಾದ ಸರ್ತಿ ಈಕಿಗೆ ಬ್ಯಾನಿ ಬಂದಾಗ ರಾಯಚೂರಿಗೆ ಒಯ್ಯಾಕ ಗಾಡಿ ಸಿಗಲಿಲ್ಲ. ಕೂಸು ದಾರ್ಯಾಗ ಹೋತು. ಈ ಸರ್ತಿ ಹಂಗಾಗಬಾರದು ಅಂತ ಬಂದೀವಿ.”

ಆಂಜನೇಯ ಸ್ಟೇರಿಂಗ್ ಹಿಡಿದು ಕೂತ. ಮಲ್ಲಿಕಾ ಅವನ ಪಕ್ಕ ಕೂತು, ಬೆಲ್ಟನ್ನು ಹೊಟ್ಟೆಯ ಕೆಳಗೆ ಜಾಗ್ರತೆಯಾಗಿ ಎಳೆದು ಹಾಕಿಕೊಂಡಳು.

“ಗುದ್ದಿದ್ರ ಬಲೂನ್ ಬರ್ತಾವಂತಲ್ರಿ, ಅವು ಇದರಾಗ ಅದಾವ?” ಎಂದು ಕೇಳಿದಳು.

“ಎರಡೂ ಅದಾವ ತಂಗಿ. ಅಲ್ಲೇ ಬರ್ದದ ನೋಡು,” ಎಂದು ಜಗದೀಶ ಅವಳೆದುರಿನ ಮುಚ್ಚಳ ತೋರಿಸಿದ.

ಮರಿಸ್ವಾಮಿ ಕಿಟಕಿಯ ಬದಿಯಲ್ಲಿ ನಿಂತಿದ್ದರು. ಮುಚ್ಚಳದ ಹಿಂದೆ ಏನೂ ಇಲ್ಲವೆಂದು ಅಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಆ ಹುಡುಗಿಯ ಕೈ ಹೊಟ್ಟೆಯ ಮೇಲಿತ್ತು. ಅವರು ಕಿಟಕಿಗೆ ಬಗ್ಗಿದರು.

“ಇಲ್ಲವ್ವಾ,” ಎಂದರು. “ಕೆಳಗಿಳಿ.”

ಎಲ್ಲರೂ ಅವರ ಮುಖ ನೋಡಿದರು. ಮರಿಸ್ವಾಮಿ ಬಾಗಿಲು ತಾವೇ ತೆಗೆದು ಹಿಡಿದು, ಅವಳು ಇಳಿಯುವ ತನಕ ಕಾದರು.

“ಅದರಾಗ ಬಲೂನ್ ಇಲ್ಲ. ಬರೇ ಮುಚ್ಚಳ. ಚಾಸಿ ಸೊಟ್ಟ ಆದದ್ದು, ವೆಲ್ಡಿಂಗ್ ಹೊಡದು ನಿಂದ್ರಿಸೀವಿ. ಇನ್ಶೂರೆನ್ಸ್‌ನವರು ಗುಜರಿ ಅಂತ ಕೈ ಬಿಟ್ಟ ಗಾಡಿ ಇದು. ಅವತ್ತೇ ಆರ್‌ಸಿ ರದ್ದು ಮಾಡ್ಸಬೇಕಿತ್ತು, ನಾ ಮಾಡ್ಸಲಿಲ್ಲ.” ಬಾಗಿಲು ಮುಚ್ಚಿದರು. “ಇದರಾಗ ನನ್ನ ಮಗ ಸತ್ತ.”

ಜಗದೀಶ ಹಣೆ ಚಚ್ಚಿಕೊಂಡು, “ನಿಮ್ಮ ಗಾಡಿ ನೀವೇ ಇಟಗೋರಿ,” ಎಂದು ಮೋಟರ್‌ಸೈಕಲ್ ಹತ್ತಿ ಹೋದ. ಆಂಜನೇಯನಿಗೆ ಸಿಟ್ಟು ಬಂದಿತ್ತು. ಇಷ್ಟು ದೂರ ಬಸುರಿಯನ್ನು ಕರೆತಂದ ಮೇಲೆ ಹೇಳುವ ಮಾತೇ ಇದು ಎಂದು ಅವನ ಮುಖದಲ್ಲೇ ಇತ್ತು. ಆದರೆ ಹನುಮಂತಮ್ಮ ಮಗನ ತೋಳು ಹಿಡಿದು ಹಿಂದಕ್ಕೆ ಸರಿಸಿ ಮುಂದೆ ಬಂದಳು.

“ಏನ ಹೆಸರಿತ್ತ್ರಿ ಯಪ್ಪಾ, ಮಗಂದು?”

“ಬಸವಲಿಂಗ.”

ಆ ಹೆಸರು ಆಡುತ್ತಲೇ ಅವರು ಕಟ್ಟೆಯ ಮೇಲೆ ಕೂತು, ಮಗು ಅಳುವಂತೆ ಬಾಯಿ ತೆರೆದು ಅತ್ತರು. ಬಾಗಿಲಲ್ಲಿ ನಿಂತಿದ್ದ ಗುರುಶಾಂತಮ್ಮ ಬಂದು ಪಕ್ಕದಲ್ಲಿ ಕೂತರು. ಗಂಡ ಅತ್ತದ್ದನ್ನು ಅವರು ಕಂಡದ್ದು ಅಂದೇ ಮೊದಲು. ದೇವದುರ್ಗದವರು ಅವಸರ ಮಾಡಲಿಲ್ಲ. ಹನುಮಂತಮ್ಮ ತಾನೇ ಅಡಿಗೆ ಮನೆಗೆ ಹೋಗಿ ಚಹಾ ಮಾಡಿ ತಂದು ಎಲ್ಲರಿಗೂ ಕೊಟ್ಟಳು. ಯಾರ ಮನೆ, ಯಾರು ಅತಿಥಿ ಎಂಬುದು ಆಗ ಯಾರ ತಲೆಯಲ್ಲೂ ಇರಲಿಲ್ಲ.

ಮರಿಸ್ವಾಮಿ ಕಾರನ್ನು ಸರ್ಕಾರದ ಪರವಾನಗಿ ಇದ್ದ ಗುಜರಿಯವರಿಗೆ ಕೊಟ್ಟರು. ಮತೀನ್ ಜೊತೆಗೆ ಬಂದ. ಚಾಸಿ ನಂಬರ್ ಕೊರೆದ ತಗಡನ್ನು ಕತ್ತರಿಸಿ ತೆಗೆದರು. ರಾಯಚೂರಿನ ಆರ್‌ಟಿಒ ಆಫೀಸಿನಲ್ಲಿ ಆರ್‌ಸಿ ಒಪ್ಪಿಸಿ ರದ್ದು ಮಾಡಿಸಿದರು. ಇನ್ನು ಆ ನಂಬರಿನಲ್ಲಿ ಆ ಗಾಡಿಯನ್ನು ಯಾರೂ ಯಾರಿಗೂ ಮಾರುವಂತಿಲ್ಲ. ಕಾರನ್ನು ಲಾರಿಗೆ ಏರಿಸುವಾಗ ಗುರುಶಾಂತಮ್ಮ ಒಂದು ಗಳಿಗೆ ಅದರ ಬಾಗಿಲ ಮೇಲೆ ಅಂಗೈ ಇಟ್ಟು, ತೆಗೆದರು. ಲಾರಿ ಹೋದ ಮೇಲೆ ಅಂಗಳ ತೊಳೆದರು.

ಕೆಲವು ದಿನ ಕಳೆದು ಆಂಜನೇಯನ ಫೋನ್ ಬಂತು. ರಾಯಚೂರಿನಲ್ಲಿ ಬೇರೊಂದು ಕಾರು ನೋಡಿದ್ದ.

“ನಮಗ ತಿಳಿಯಂಗಿಲ್ರಿ ಯಪ್ಪಾ. ನೀವು ಒಂದೀಟು ಬಂದು ನೋಡಿದ್ರ ಚಲೋ ಆಗ್ತದ.”

ಮರಿಸ್ವಾಮಿ ಮತೀನನನ್ನು ಕರೆದುಕೊಂಡು ಹೋದರು. ಮತೀನ್ ಡಿಕ್ಕಿಯ ಕಾರ್ಪೆಟ್ ಎತ್ತಿ ವೆಲ್ಡಿಂಗ್ ಹುಡುಕುತ್ತಿದ್ದರೆ, ಮರಿಸ್ವಾಮಿ ಮಾರುವವನನ್ನು ಕೇಳುತ್ತ ಹೋದರು: ಇನ್ಶೂರೆನ್ಸ್‌ನಲ್ಲಿ ಎಂದಾದರೂ ಕ್ಲೇಮ್ ಆಗಿತ್ತೇ, ಆಗಿದ್ದರೆ ಯಾವುದಕ್ಕೆ, ಏರ್‌ಬ್ಯಾಗ್ ಕಾರಿನ ಕಂಪನಿಯವೇನಾ, ಕ್ಲೇಮಿನ ವಿವರ ಇನ್ಶೂರೆನ್ಸ್‌ನವರಿಂದ ಬರೆಸಿ ತರುತ್ತೀಯಾ? ಅವನಿಗೆ ಬೇಸರ ಬಂತು.

“ಯಾಕ್ರೀ ಹಿರೇರ, ಇಷ್ಟು ಕೆದಕಿ ಕೇಳಾಕತ್ತೀರಿ?”

“ನನ್ನ ಮಗ ಕಾರಿನಾಗ ತೀರಿಕೊಂಡಾನಪ್ಪಾ,” ಎಂದರು ಮರಿಸ್ವಾಮಿ, ಸಮಾಧಾನವಾಗಿ. “ಅದಕ್ಕ ಕೇಳಾಕತ್ತೀನಿ.”

ಅವನು ಇನ್ಶೂರೆನ್ಸ್ ಕಂಪನಿಗೆ ಫೋನ್ ಹಚ್ಚಿದ. ಕೇಳಿದ್ದೆಲ್ಲ ಕೈಗೆ ಬಂದ ಮೇಲೆ, ಗಾಡಿ ಚೊಕ್ಕಾಗಿದೆ ಎಂದು ಮತೀನನೂ ಒಪ್ಪಿದ ಮೇಲೆಯೇ ಆಂಜನೇಯ ಅದನ್ನು ಕೊಂಡ.

ಅಂದು ಆಂಜನೇಯನ ಮನೆಯವರು ಮರಿಸ್ವಾಮಿಯವರನ್ನು ಬಿಡದೆ ದೇವದುರ್ಗಕ್ಕೆ ಕರೆದೊಯ್ದು ಖಾನಾವಳಿಯಲ್ಲಿ ಉಣ್ಣಿಸಿ ಬಸ್ಸಿಗೆ ಹತ್ತಿಸಿದರು. ಮನೆ ಮುಟ್ಟಿದಾಗ ಗುರುಶಾಂತಮ್ಮ ಅಂಗಳದಲ್ಲಿ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದರು.

“ಗಾಡಿ ಹೆಂಗದ್ರೀ?”

“ಚಲೋ ಅದ,” ಎಂದರು ಮರಿಸ್ವಾಮಿ, ಚಾದರದ ಇನ್ನೊಂದು ತುದಿ ಹಿಡಿಯುತ್ತ. “ಆ ಬಸುರಿ ಹುಡುಗಿ ಅದರಾಗ ಕೂತು ಅಡ್ಡಾಡಿ ನೋಡಿದ್ಲು. ಆಕಿಗೆ ಮನಸ್ಸಿಗೆ ಬಂದದ.”