ಬಿಳಿಬೋರೆಯ ಮೂರನೆಯ ಗೀರು

ಹೊಟ್ಟಿನ ಧೂಳು ಬಲಕ್ಕೆ ವಾಲುತ್ತಿದೆ, ಅಂದರೆ ಗಾಳಿ ಪಡುವಣದ್ದೇ, ಒಣಗಾಳಿ, ಇನ್ನೆರಡು ತಾಸು ಹೀಗೇ ಬೀಸಲಿ ದೇವರೇ, ಇನ್ನೆರಡೇ ತಾಸು — ತೆನೆಗಳು ರಾಟೆಯ ಕೆಳಗೆ ಬಾಗಿ ಒಳಗೆ ಹೋಗುತ್ತಿವೆ, ಕುಯಿಲಿನ ಯಂತ್ರ, ಈ ಕಂಬೈನಿನ ಹೊಟ್ಟೆಯಲ್ಲಿ ಗುಡುಗು, ಬೆನ್ನ ಹಿಂದಿನ ತೊಟ್ಟಿಯಲ್ಲಿ ಗೋಧಿ ಸುರಿಯುವ ಸದ್ದು ಮಾತ್ರ ಬೇರೆಯೇ, ಚರ್ಚಿನಲ್ಲಿ ಎಲ್ಲರೂ ಒಟ್ಟಿಗೇ ಪುಟ ತಿರುವಿದ ಹಾಗೆ. ಕತ್ತಿಯನ್ನು ಎತ್ತರಕ್ಕೆ ಇಟ್ಟಿದ್ದೇನೆ, ತೆನೆಯ ಕೊರಳಿಗೆ ಸರಿಯಾಗಿ, ಕೆಳಗೆ ಕೂಳೆ ಮೊಣಕಾಲೆತ್ತರ ನಿಲ್ಲಬೇಕು, ನಿಂತಿದೆ, ಕನ್ನಡಿಯಲ್ಲಿ ಕಾಣುತ್ತಿದೆ, ನೂರರವತ್ತು ಎಕರೆಯಲ್ಲಿ ಇನ್ನು ಉಳಿದದ್ದು ಇಪ್ಪತ್ತು — ಗಡ್ಡ ಬೋಳಿಸದ ಹೊಲ ಎನ್ನುತ್ತಾರೆ ಊರಿನ ಕಾಫಿ ಅಂಗಡಿಯಲ್ಲಿ, ಪೇಟರ್ಸ್ ಮುದುಕ ಹೋದ ವರ್ಷ ಎಲ್ಲರೆದುರಿಗೆ, ಏನಮ್ಮಾ ಯುಸ್ಟೀನಾ, ನಿಮ್ಮಪ್ಪನ ಹೊಲಕ್ಕೆ ಒಂದು ಕ್ಷೌರದ ಕತ್ತಿ ಕೊಡಿಸ್ಲಾ, ಅಂದ, ಎಲ್ಲರೂ ನಕ್ಕರು, ನಾನೂ ನಕ್ಕೆ, ಕಾಫಿ ಮುಗಿಸಿ ಲೋಟ ತೊಳೆದಿಟ್ಟು ಬಂದೆ. ಇವತ್ತು ಶನಿವಾರ, ಕೊನೆಯ ತೆನೆ ಒಳಗೆ ಹೋದ ಮೇಲೆ ಅಣ್ಣ ಸಲಾಕೆ ತರುತ್ತಾನೆ, ಮಾತು ಹಾಗೆ ಆಗಿದೆ, ಮೂರು ವರ್ಷದ ಹಿಂದೆ, ಅಪ್ಪನನ್ನು ಮಣ್ಣು ಮಾಡಿದ ವಾರವೇ, ಡೀಡ್ರಿಕ್ ಅಣ್ಣನ ಅಡುಗೆಮನೆಯ ಮೇಜಿನ ಎದುರು, ಅಪ್ಪ ಹೊಲವನ್ನು ಇಬ್ಬರ ಹೆಸರಿಗೂ ಬರೆದಿಟ್ಟಿದ್ದ, ಹೊಲ ಒಂದು, ಮನಸ್ಸು ಎರಡು. ನೋಡು ಸ್ಟೀನಾ, ಅಂದ ಅಣ್ಣ, ಮೂರು ವರ್ಷ ನಿನ್ನಿಷ್ಟದಂಗೆ ಮಾಡು, ಉಳಬೇಡ, ಕೂಳೆ ಬಿಡು, ಏನಾದ್ರೂ ಮಾಡ್ಕೋ, ಮೂರನೇ ಸುಗ್ಗಿ ಮುಗಿದ ದಿನ ಸಲಾಕೆ ಚುಚ್ಚೋಣ, ಮೂರಡಿ ಇಳೀತಾ, ನಿಂದೇ ಮಾತು, ಆ ಹೊಲದ ಬಗ್ಗೆ ನಾನು ಮತ್ತೆ ಬಾಯಿ ತೆಗೆಯಲ್ಲ, ಇಳೀಲಿಲ್ವಾ, ಸೋಮವಾರ ಬೆಳಿಗ್ಗೆ ನನ್ನ ನೇಗಿಲು ಅಲ್ಲಿರತ್ತೆ. ಆಗಲಿ ಅಣ್ಣ, ಅಂದೆ. ಸಲಾಕೆ ಎಂದರೆ ಬೆರಳುದಪ್ಪದ ಕಬ್ಬಿಣ, ನಾಲ್ಕಡಿ ಉದ್ದ, ತುದಿಗೆ ಗೋಲಿಯಷ್ಟು ಗುಂಡು, ಮೇಲೆ ಅಡ್ಡಹಿಡಿ, ಅಡಿಗೊಂದು ಗೀರು, ಮಣ್ಣು ಹಸಿಯಿರುವಷ್ಟು ಆಳಕ್ಕೆ ಮೈಭಾರಕ್ಕೇ ಇಳಿಯುತ್ತದೆ, ಒಣಮಣ್ಣು ಮುಟ್ಟಿತೋ ಅಲ್ಲೇ ನಿಂತಿತು, ಎಷ್ಟು ಒತ್ತಿದರೂ ಇಲ್ಲ. ಮೊದಲ ವರ್ಷ ಒಂದಡಿ, ಮಿಕ್ಕ ಮೂರಡಿ ನನ್ನ ಸೊಂಟದೆತ್ತರಕ್ಕೆ ನೆಟ್ಟಗೆ ನಿಂತಿತ್ತು, ಎರಡನೆಯ ವರ್ಷ ಒಂದೂವರೆ, ಅಣ್ಣ ನಗಲಿಲ್ಲ, ಅವನು ನಗುವವನಲ್ಲ, ಗೀರನ್ನು ಹೆಬ್ಬೆರಳಿನಿಂದ ಒರೆಸಿ ಸಲಾಕೆಯನ್ನು ಗಾಡಿಗೆ ಹಾಕಿದ ಅಷ್ಟೇ.

ಪ್ರತಿ ಸೋಮವಾರ ನಾನು ಈ ಸುತ್ತಿನ ಬೆಳೆ ವರದಿ ಬರೆದು ಪ್ರಾಂತ್ಯದ ಕಚೇರಿಗೆ ಕಳಿಸುತ್ತೇನೆ, ಹದಿನಾಲ್ಕು ವರ್ಷದಿಂದ, ಸಂಬಳವಿಲ್ಲದ ಕೆಲಸ, ಕುಯಿಲು ನೂರಕ್ಕೆಷ್ಟು ಮುಗಿಯಿತು, ಮಳೆ ಎಷ್ಟು, ಮೇಲ್ಮಣ್ಣಿನ ತೇವ ಹೇಗೆ — ಹೆಚ್ಚು, ಸಾಕಷ್ಟು, ಕಡಿಮೆ, ತೀರಾ ಕಡಿಮೆ — ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಬೇಕು, ಹೇಳುತ್ತ ಹೇಳುತ್ತ ಅದೂ ಒಂದು ಪದ್ಯವೇ ಆಗಿಬಿಟ್ಟಿದೆ ಬಾಯಲ್ಲಿ, ಅಜ್ಜಿ ಹಿಟ್ಟು ನಾದುತ್ತ ಹೇಳುತ್ತಿದ್ದ ಪದ್ಯಗಳ ಹಾಗೆ, ಅಂಗೈಯ ಒಂದೊಂದು ಒತ್ತಿಗೆ ಒಂದೊಂದು ಸಾಲು, ನಾನು ಮೇಜಿನ ಕೆಳಗೆ ಕೂತು ಕೇಳುತ್ತಿದ್ದೆ, ಕೊಡುವವನು ಕೊಟ್ಟೇ ಕೊಡುತ್ತಾನೆ ಮಗುವೇ, ನಿನ್ನ ಪಾತ್ರೆ ಕವುಚಿಡಬೇಡ, ಅದು ಯಾವ ಪುಸ್ತಕದ್ದೂ ಅಲ್ಲ, ಅಜ್ಜಿಯ ಅಮ್ಮ ಕಟ್ಟಿದ್ದಂತೆ, ಹಡಗಿನಲ್ಲಿ ಈ ದೇಶಕ್ಕೆ ಬರುವಾಗ. ಐದು ವರ್ಷ ತೀರಾ ಕಡಿಮೆ ಎಂದೇ ಗುರುತು ಹಾಕಿದೆ, ಪೆನ್ನು ಅಲ್ಲಿಗೇ ತಾನಾಗಿ ಹೋಗುತ್ತಿತ್ತು. ಪಾತ್ರೆ ಕವುಚಿಡುವುದು ಎಂದರೆ ಏನೆಂದು ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು, ನಮ್ಮ ಜನಕ್ಕೆ ಹೊಲ ಕಪ್ಪಗಿದ್ದರೇನೇ ಶುದ್ಧ, ಕುಯಿಲಾದ ಕೂಡಲೇ ಉತ್ತು ಕೂಳೆಯ ಒಂದು ಕಡ್ಡಿಯೂ ಕಾಣದ ಹಾಗೆ ಮಗುಚಿಬಿಡಬೇಕು, ಭಾನುವಾರ ಚರ್ಚಿಗೆ ಹೋಗುವ ದಾರಿಯಲ್ಲಿ ಯಾರ ಹೊಲ ಎಷ್ಟು ಕಪ್ಪು ಎಂದು ಗಂಡಸರು ಗಾಡಿಯಿಂದಲೇ ನೋಡಿಕೊಳ್ಳುತ್ತಿದ್ದರು, ಕೂಳೆ ಬಿಟ್ಟವನು ಸೋಮಾರಿ, ಒಗೆಯದ ಅಂಗಿ ತೊಟ್ಟು ಪ್ರಾರ್ಥನೆಗೆ ಬಂದವನು, ಅಪ್ಪನ ಹೊಲ ಎಲ್ಲರಿಗಿಂತ ಕಪ್ಪು, ಅಪ್ಪನ ಸಾಲು ಎಲ್ಲರಿಗಿಂತ ನೇರ, ಆ ಹೆಮ್ಮೆಯನ್ನು ಗಾಳಿ ವರ್ಷವರ್ಷವೂ ಒಂದಿಷ್ಟು ಹೊತ್ತುಕೊಂಡು ಹೋಯಿತು, ಮೇ ತಿಂಗಳಲ್ಲಿ ಮಧ್ಯಾಹ್ನಕ್ಕೇ ದೀಪ ಹಚ್ಚುತ್ತಿದ್ದೆವು, ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕಿದರೂ ತಟ್ಟೆಯಲ್ಲಿ ಮಣ್ಣು, ಬೆಣ್ಣೆಯ ಮೇಲೆ ಮಣ್ಣು, ನಮ್ಮದೇ ಮಣ್ಣು. ಹೊಲದ ನಡುವಿನ ದಿಬ್ಬ, ಆ ಬೋರೆಯ ನೆತ್ತಿ ಹಾಗೇ ಮೇಲ್ಮಣ್ಣು ಹಾರಿ ಬೆಳ್ಳಗಾದದ್ದು. ಬಿಳಿಬೋರೆ ಎಂದು ಹೆಸರಿಟ್ಟವರು ಯಾರೋ, ಅಪ್ಪ ಇದ್ದಾಗ ಆ ಮಾತನ್ನು ಅವನೆದುರು ಯಾರೂ ಆಡುತ್ತಿರಲಿಲ್ಲ.

ಸ್ಟೀನಾ, ತೊಟ್ಟಿ ತುಂಬಿತೇನೇ, ರೇಡಿಯೋದಲ್ಲಿ ಅತ್ತಿಗೆ, ಅಗನೇಟ, ಅಣ್ಣನ ಹೆಂಡತಿ, ಕಾಳಿನ ಲಾರಿ ಅವಳದೇ ಕೈಯಲ್ಲಿ, ಅರವತ್ತೊಂದರಲ್ಲೂ ಹಿಂದಕ್ಕೆ ಸರಿಯಾಗಿ ಬಿಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ತುಂಬಿತು ಅತ್ತಿಗೆ, ಬನ್ನಿ, ಪಕ್ಕಕ್ಕೇ ಬನ್ನಿ, ನಾನು ನಿಲ್ಲಿಸಲ್ಲ. ಲಾರಿ ಜೊತೆಜೊತೆಗೇ ಓಡುತ್ತದೆ, ಕೊಳವೆಯಿಂದ ಗೋಧಿ ಧಾರೆ ಬೀಳುತ್ತದೆ, ಬಿಸಿಲಿಗೆ ಕೆಂಪು. ಎರಡನೇ ದರ್ಜೆಗೆ ಇಳೀತಂತೆ, ಅನ್ನುತ್ತಾಳೆ ಅತ್ತಿಗೆ, ಮಾದರಿ ತೋರಿಸಿ ಬಂದೆ, ಮಳೇಲಿ ನೆಂದು ಬಣ್ಣ ಹೋಯ್ತಂತೆ, ಆ ಭಾನುವಾರ ಕುಯ್ದಿದ್ರೆ ಒಂದನೇ ದರ್ಜೆ ಕಣೆ. ಕುಯ್ಯಬಹುದಿತ್ತು. ಎರಡು ವಾರದ ಹಿಂದಿನ ಭಾನುವಾರ, ಎಂಥ ಬಿಸಿಲು, ರಸ್ತೆಯ ಆಚೆ ಬೇರೆಯವರ ಮೂರು ಕಂಬೈನುಗಳು ಓಡುತ್ತಿದ್ದವು, ನಾವು ಚರ್ಚಿನಿಂದ ಬಂದು ಹೊಗೆಹಾಕಿದ ಸಾಸೇಜು, ಹುಳಿಕ್ರೀಮು ತಿಂದು ವರಾಂಡದಲ್ಲಿ ಕೂತು ಅವರ ಧೂಳನ್ನೇ ನೋಡಿದೆವು, ಭಾನುವಾರ ಕಬ್ಬಿಣ ಮುಟ್ಟುವುದಿಲ್ಲ ಎನ್ನುವ ಒಂದು ವಿಷಯದಲ್ಲಿ ಮಾತ್ರ ಅಣ್ಣನಿಗೂ ನನಗೂ ಎಂದೂ ಜಗಳವಿಲ್ಲ, ಸೋಮವಾರ ಬೆಳಗಿನ ಜಾವ ಮಳೆ ಹಿಡಿಯಿತು, ನಾಲ್ಕು ದಿನ, ಬಿರುಸಿಲ್ಲ, ಜಡಿಮಳೆ, ಕುಯ್ಯದ ಗೋಧಿಯ ಮೇಲೆ, ಹೋಯಿತು ಎಂದರು ಎಲ್ಲರೂ, ಆದರೆ ನಾನು ಛತ್ರಿ ಹಿಡಿದು ಹೊಲದೊಳಗೆ ನಿಂತೆ, ಕಾಲ ಕೆಳಗೆ ನೀರು ಹರಿಯುತ್ತಿರಲಿಲ್ಲ, ಒಂದು ಹನಿಯೂ ಹರಿಯುತ್ತಿರಲಿಲ್ಲ, ಹಳೆಯ ಕೂಳೆಯ ಬುಡದಲ್ಲಿ ಇಳಿಯುತ್ತಿತ್ತು, ಕೊಳೆತ ಬೇರಿನ ದಾರಿಯಲ್ಲಿ, ಸಣ್ಣ ಸದ್ದು ಮಾಡುತ್ತ, ಮಗು ಹಾಲು ಕುಡಿಯುವ ಸದ್ದು, ಅದೇ ಹೊತ್ತಿಗೆ ಆಚೆಯ ಅಣ್ಣನ ಕರಿಹೊಲದಿಂದ ಕಂದು ನೀರು ಚರಂಡಿಗೆ ಇಳಿದು ರಸ್ತೆಯುದ್ದಕ್ಕೂ ಹೋಗುತ್ತಿತ್ತು. ಇರಲಿ ಬಿಡಿ ಅತ್ತಿಗೆ, ಎರಡನೇ ದರ್ಜೆ ರೊಟ್ಟಿನೂ ಉಬ್ಬುತ್ತೆ, ಅಂದೆ. ನಿಂಗೆ ಇನ್ನೊಂದ್ ವಿಷಯ ಹೇಳ್ಬೇಕು, ಹೇಳ್ದೆ ಅಂತ ಅವರಿಗೆ ಹೇಳ್ಬೇಡ, ಅನ್ನುತ್ತಾಳೆ, ಬೆಳಿಗ್ಗೆ ಆರಕ್ಕೆ ನಿಮ್ಮಣ್ಣ ಸಲಾಕೆ ತಗೊಂಡು ನಮ್ಮ ಹೊಲಕ್ಕೆ ಹೋಗಿದ್ರು, ಒಬ್ರೇ. ಎಷ್ಟು ಇಳೀತಂತೆ? ಎಷ್ಟಂತ ಕೇಳ್ದೆ, ಕಾಫಿ ಹಾಕು ಅಂದ್ರು. ನಗು ಬಂತು, ರೇಡಿಯೋ ಗುಂಡಿ ಬಿಟ್ಟು ನಕ್ಕೆ, ಒಬ್ಬಳೇ, ಗಾಜಿನ ಕೋಣೆಯಲ್ಲಿ, ಆಮೇಲೆ, ಪಾಪ ಅಣ್ಣ, ಆರು ಗಂಟೆಗೆ, ಆ ಮಂಜಿನಲ್ಲಿ, ಒಬ್ಬನೇ ಒತ್ತುತ್ತ, ಇಳಿಯದ್ದನ್ನು ಒತ್ತುತ್ತ.

ಕೊನೆಯ ಸಾಲು. ಎರಡಾಳು ಅಗಲ, ಒಂದಾಳು ಅಗಲ, ಒಂದು ಮೊಲ ಹಾರಿ ಕೂಳೆಯೊಳಗೆ ಮಾಯ, ರಾಟೆ ಬರಿಗಾಳಿಯನ್ನು ಎಳೆಯುತ್ತಿದೆ, ಮುಗಿಯಿತು, ನೂರಕ್ಕೆ ನೂರು, ಎಂಜಿನ್ ಆರಿಸಿದ ಮೇಲೆ ಮೌನ ಎಷ್ಟು ದೊಡ್ಡದು — ಏಣಿಯಿಳಿಯುವಾಗ ಮೊಣಕಾಲು ಹಿಡಿದುಕೊಂಡಿದೆ, ಅಣ್ಣ ಬರುತ್ತಿದ್ದಾನೆ, ನೂರಹತ್ತು ಕಿಲೋದ ಆಳು, ಹೆಗಲ ಮೇಲೆ ಸಲಾಕೆ ಕಡ್ಡಿಯ ಹಾಗೆ ಕಾಣುತ್ತದೆ, ಹಿಂದೆ ಅತ್ತಿಗೆ, ಕೈಯಲ್ಲಿ ಬನ್ನು ಉಪ್ಪಿನಕಾಯಿಯ ಡಬ್ಬಿ, ಮೊದಲು ತಿನ್ನಿ, ಜಗಳ ಆಮೇಲಾಡಿ, ಅನ್ನುತ್ತಾಳೆ, ಯಾರೂ ತಿನ್ನಲಿಲ್ಲ. ಬಾ, ಅಂದ ಅಣ್ಣ. ನಡೆದ. ನಾನು ಹಿಂದೆ ನಡೆದೆ, ಕೂಳೆ ಪ್ಯಾಂಟಿಗೆ ಉಜ್ಜುತ್ತಿದೆ, ಎಲ್ಲಿಗೆ ಹೋಗುತ್ತಿದ್ದಾನೆ ಇವನು, ತಗ್ಗಿನ ಕಡೆಗೆ, ನೀರು ನಿಲ್ಲುವ ಜಾಗ, ಹಿಮ ಏಪ್ರಿಲ್ ಕೊನೆಯವರೆಗೂ ಕರಗದ ಜಾಗ, ಅಲ್ಲಿ ಬರಗಾಲದಲ್ಲೂ ಸಲಾಕೆ ಮೂರಡಿ ಹೋಗುತ್ತದೆ, ಅದು ಅವನಿಗೆ ಗೊತ್ತು, ನನಗೆ ಗೊತ್ತೆನ್ನುವುದೂ ಅವನಿಗೆ ಗೊತ್ತು — ಓ. ಗೆಲ್ಲಿಸುತ್ತಿದ್ದಾನೆ. ಬಾಯಿಬಿಟ್ಟು ಹೇಳಲಾರದೆ ಗೆಲ್ಲಿಸುತ್ತಿದ್ದಾನೆ, ಚಿಕ್ಕವಳಿದ್ದಾಗ ಓಟದ ಪಂದ್ಯದಲ್ಲಿ ಕೊನೆಗೆ ಬೂಟಿನ ದಾರ ಕಟ್ಟಲು ಕೂತುಬಿಡುತ್ತಿದ್ದ ಹಾಗೆ. ಸುಮ್ಮನಿದ್ದುಬಿಡಬಹುದು. ನೇಗಿಲು ಬರುವುದಿಲ್ಲ, ಕೂಳೆ ಉಳಿಯುತ್ತದೆ, ಸೋಮವಾರ ನೆಮ್ಮದಿಯಾಗಿ ವರದಿ ಬರೆಯಬಹುದು. ಅಣ್ಣ, ಅಲ್ಲಿ ಬೇಡ, ಅಂದೆ. ಇಲ್ಲೇನಾಗಿದೆ? ಅಲ್ಲಿ ಚುಚ್ಚಿದ್ರೆ ಕಪ್ಪೆ ಸಿಗುತ್ತೆ, ಲೆಕ್ಕಕ್ಕೆ ಬರಲ್ಲ, ಬಿಳಿಬೋರೆ ಮೇಲೆ ಚುಚ್ಚೋಣ. ಅತ್ತಿಗೆ ನಿಂತಲ್ಲೇ, ನಿಂಗೇನು ತಲೆ ಕೆಟ್ಟಿದೆಯೇನೇ, ಬಾಯಿಗೆ ಬಂದ ತುತ್ತು ಕಣೇ ಅದು, ಅಂದಳು. ಅಣ್ಣ ನನ್ನ ಮುಖ ನೋಡಿದ. ಅಲ್ಲಿ ಇಳಿಯಲ್ಲ ಸ್ಟೀನಾ, ಮೆಲ್ಲಗೆ ಅಂದ, ಅಪ್ಪನ ಕಾಲದಲ್ಲೂ ಅಲ್ಲಿ ಇಳಿದಿಲ್ಲ, ಇಳೀದೇ ಹೋದ್ರೆ ನಾನು ಮಾತಿಗೆ ತಪ್ಪಕ್ಕಾಗಲ್ಲ, ಸೋಮವಾರ ಉಳಲೇಬೇಕಾಗತ್ತೆ, ತಿಳೀತಾ. ತಿಳೀತು ಅಣ್ಣ, ನಡಿ.

ಬೋರೆಯ ನೆತ್ತಿಯಲ್ಲಿ ಗಾಳಿ ಜೋರು, ಇಲ್ಲಿಂದ ನೋಡಿದರೆ ಪ್ರಪಂಚವೆಲ್ಲ ಕುಯ್ದು ಮುಗಿದಿದೆ, ಒಂದು ಕಡೆ ಕಪ್ಪು, ಒಂದು ಕಡೆ ಹಳದಿ, ಮಧ್ಯೆ ರಸ್ತೆ, ಕಾಲ ಕೆಳಗೆ ಸುಣ್ಣದಂಥ ಮಣ್ಣು, ಅದರಲ್ಲೂ ಕೂಳೆ ಎದ್ದಿದೆ, ಗಿಡ್ಡ, ತೆಳ್ಳಗೆ, ಆದರೂ ಎದ್ದಿದೆ. ಅಣ್ಣ ಸಲಾಕೆ ಚಾಚಿದ, ನೀನೇ ಒತ್ತು, ನಾನು ಒತ್ತಿದ್ರೆ ಪೇಟರ್ಸ್ ನಾಳೆ ಚರ್ಚಿನ ಬಾಗಿಲಲ್ಲೇ ಕೇಳ್ತಾನೆ, ಇಳಿದಿದ್ದು ಮಣ್ಣಿನ ಹಸಿಗಾ ನಿನ್ನ ಹೊಟ್ಟೆ ಭಾರಕ್ಕಾ ಅಂತ. ನಾನು ಐವತ್ತೆರಡು ಕಿಲೋ. ಹಿಡಿ ತಣ್ಣಗಿದೆ, ಹೆಚ್ಚು, ಸಾಕಷ್ಟು, ಕಡಿಮೆ, ತೀರಾ ಕಡಿಮೆ, ಒತ್ತಿದೆ, ಮೊದಲ ಗೀರು ಹೋಯಿತು, ಬೆಣ್ಣೆಗೆ ಚಾಕು, ಎರಡನೆಯದು, ಇಲ್ಲಿ ಸ್ವಲ್ಪ ಬಿಗಿ, ಆದರೂ ಹೋಯಿತು, ಆಮೇಲೆ ಟಕ್ ಎಂದು ನಿಂತಿತು, ಎರಡನೆಯ ಗೀರಿನ ಮೇಲೆ ಒಂದು ಗೇಣು, ಅಷ್ಟೇ, ನಿಂತೇಹೋಯಿತು, ಸಲಾಕೆ ಮೊಣಕಾಲೆತ್ತರಕ್ಕೆ ನೆಟ್ಟಗೆ, ಮತ್ತೆ ಅದೇ, ಮತ್ತೆ ಹಾಗೇ ನಿಂತ ಕಬ್ಬಿಣ, ಸೋಮವಾರ ಬೆಳಿಗ್ಗೆ ನೇಗಿಲು — ಕಲ್ಲು ಅದು, ಅಂದ ಅಣ್ಣ. ಏನು? ಟಕ್ ಅಂತು ಕೇಳ್ಲಿಲ್ವಾ, ಒಣಮಣ್ಣು ಸದ್ದು ಮಾಡಲ್ಲ, ಕಲ್ಲಿದ್ರೆ ಯಾರ ತಪ್ಪೂ ಅಲ್ಲ, ಒಂದು ಗೇಣು ಆಚೆ ಹಾಕು. ದಯೆಯಲ್ಲ ಇದು, ನ್ಯಾಯ, ಧ್ವನಿಯಲ್ಲೇ ತಿಳಿಯುತ್ತದೆ. ಕಿತ್ತೆ, ಗುಂಡಿಗೆ ಮಣ್ಣು ಮೆತ್ತಿಕೊಂಡಿತ್ತು, ಒಂದು ಗೇಣು ಆಚೆ ಇಟ್ಟೆ, ಒತ್ತಿದೆ, ಮೈಯೆಲ್ಲ ಒತ್ತಿದೆ, ಮೊದಲ ಗೀರು, ಎರಡನೆಯ ಗೀರು, ಬಿಗಿ, ಬಿಗಿ, ಬಿಟ್ಟಿತು, ಮೂರನೆಯ ಗೀರು ಬಿಳಿಮಣ್ಣಿನೊಳಗೆ ಮುಳುಗಿದ್ದು ಕಂಡಿತು, ನಿಲ್ಲಿಸಬಹುದಿತ್ತು, ಅದೇ ನಿಲ್ಲಲಿಲ್ಲ, ನನ್ನನ್ನೂ ಎಳೆದುಕೊಂಡು ಇಳಿಯಿತು, ಮಂಡಿ ನೆಲಕ್ಕೆ ತಾಗಿತು, ಬೆರಳ ಗೆಣ್ಣುಗಳು ಮಣ್ಣಿಗೆ ತಾಗಿದವು. ಅತ್ತಿಗೆ ಡಬ್ಬಿ ಕೆಳಗಿಟ್ಟಳು. ಅಣ್ಣ ಬಗ್ಗಿದ, ಎರಡೂ ಕೈಯಲ್ಲಿ ಹಿಡಿ ಹಿಡಿದು ಎಳೆದ, ನೂರಹತ್ತು ಕಿಲೋ, ಮುಖ ಕೆಂಪಾಯಿತು, ಬರಲಿಲ್ಲ. ಬಿಡ್ತಾ ಇಲ್ಲ ಕಣೇ, ಅಂದ, ಮಣ್ಣು ಬಿಡ್ತಾ ಇಲ್ಲ. ಕೂಳೆಯ ಮೇಲೇ ಕೂತುಬಿಟ್ಟ, ನನ್ನ ಪಕ್ಕದಲ್ಲಿ, ಅವನ ಹೆಗಲು ಅಲುಗುತ್ತಿದೆ, ನಗುತ್ತಿದ್ದಾನೆ, ಅಣ್ಣ ನಗುತ್ತಿದ್ದಾನೆ, ಮತ್ತೆ ನನ್ನ ಕಣ್ಣು ಬೇರೆಲ್ಲೂ ಹೋಗುತ್ತಿಲ್ಲ, ಸೊಂಟದೆತ್ತರವಿಲ್ಲ, ಮೊಣಕಾಲೆತ್ತರವಿಲ್ಲ, ಬಿಳಿಮಣ್ಣಿನ ಮೇಲೆ ಒಂದು ಅಡ್ಡಹಿಡಿ, ಬರೀ ಹಿಡಿ, ಕೆಳಗಿನ ನಾಲ್ಕಡಿಯೂ ಹಸಿಯಲ್ಲಿ, ಬರೀ ಹಿಡಿ —