ಬೂದಿಯಲ್ಲಿ ನೆಟ್ಟ ಕೋಲು

ನಮ್ಮ ಮಡಗಾಸ್ಕರಿನ ಮೆನಾಬೆ ಸೀಮೆಯಲ್ಲಿ ಅಕ್ಟೋಬರ್ ಬಂತೆಂದರೆ ಮನೆಮನೆಯಲ್ಲೂ ಒಂದೇ ಮಾತು: ಮೆಕ್ಕೆಜೋಳಕ್ಕೆ ಜಾಗ ಸಾಲದು, ಈ ಸಲ ಯಾವ ಕಾಡು ಸುಡೋಣ?

ಪಕ್ಕದ ಮನೆಯ ರೆತ್ಸಿಲಿ ಊರ ಹಿಂದೆ ಉಳಿದಿದ್ದ ಕೊನೆಯ ಕಾಡಿನ ತುಂಡನ್ನು ಆರಿಸಿಕೊಂಡ. ಕೆಟ್ಟವನಲ್ಲ ಅವನು. ಗೋಸುಂಬೆಗೆ ಕೇಡು ಮಾಡಬಾರದೆಂದು ನಮ್ಮ ಹಿರಿಯರು ಹಾಕಿದ ಕಟ್ಟು. ಕೈಯಲ್ಲಿ ಮುಟ್ಟುವುದೂ ಇಲ್ಲ, ಕೋಲಿಗೆ ಹತ್ತಿಸಿ ಬೇರೆ ಗಿಡಕ್ಕೆ ದಾಟಿಸುತ್ತೇವೆ. ಈ ಕಟ್ಟು ಮುರಿಯಬೇಡ ಎಂದು ಮಾತು ತೆಗೆದುಕೊಂಡು ಅಪ್ಪ ಸಾಯುವಾಗ ಕೊಟ್ಟ ಕೋಲು ಹಿಡಿದು, ಬೆಂಕಿ ಇಡುವ ಮೊದಲು ರೆತ್ಸಿಲಿ ಮೂರು ದಿನ ಗೋಸುಂಬೆಗಾಗಿ ಪೊದೆ ಪೊದೆ ಹುಡುಕಿದ.

“ಒಂದೂ ಇಲ್ಲ. ಅಪ್ಪನಿಗೆ ಕೊಟ್ಟ ಮಾತು ಉಳೀತು,” ಅಂದ.

ಅವನ ತಂಗಿ ಜಾಫಿಸೋವಾ ಕಾಡುಪ್ರಾಣಿ ಎಣಿಸುವವರ ಜೊತೆ ಆರು ವರ್ಷ ಓಡಾಡಿದವಳು. “ಈಗ ಎಲ್ಲಿ ಸಿಗುತ್ತೆ ಅಣ್ಣ? ಈ ಜಾತಿ ಮಳೆಗಾಲಕ್ಕೆ ಹುಟ್ಟಿ, ಅದು ಮುಗಿಯೋದ್ರೊಳಗೆ ಮೊಟ್ಟೆ ಹೂತಿಟ್ಟು ಸತ್ತೋಗುತ್ತೆ. ಈಗ ಇರೋದೆಲ್ಲ ನಿನ್ನ ಕಾಲಡಿ, ಮೊಟ್ಟೆ ಒಳಗೆ. ಎಂಟು ತಿಂಗಳು ಹಾಗೇ ಇರುತ್ತೆ.”

“ಎಂಟು ತಿಂಗಳು ಮಲಗೇ ಇರುತ್ತಾ? ನಿನ್ನ ಗಂಡನ ಸಂಬಂಧಿಕರು ಅನ್ನು.”

ನಾನೂ ನಕ್ಕೆ. ನೆನೆದರೆ ಈಗ ಬಾಯಿ ಕಹಿಯಾಗುತ್ತದೆ.

“ನಗು ನಗು. ಎರಡು ಕಣ್ಣನ್ನ ಎರಡು ದಿಕ್ಕಿಗೆ ಹೊರಳಿಸುತ್ತೆ, ಮೈಗಿಂತ ಉದ್ದ ನಾಲಿಗೆ ಬಿಟ್ಟು ಮಿಡತೆ ಹಿಡಿಯುತ್ತೆ, ಸಿಟ್ಟು ಬಂದ್ರೆ ಬಣ್ಣಾನೇ ಬದಲಿಸುತ್ತೆ. ಆದ್ರೆ ಬೆಂಕಿಯಿಂದ ಓಡೋಕೆ ಮೊಟ್ಟೆಗೆ ಕಾಲಿಲ್ಲ.”

ಮರುದಿನ ಕಾಡು ಹೊತ್ತಿತು.

ಮೊದಲ ಮಳೆ ಬಿದ್ದ ಮೇಲೆ ಮೂವರೂ ಬಿತ್ತಲು ಹೋದೆವು. ರೆತ್ಸಿಲಿ ಕೋಲನ್ನು ಬೂದಿಯಲ್ಲಿ ನೆಟ್ಟು ನೆಲ ತೋಡಿದ. ಸುಟ್ಟ ದಿಮ್ಮಿಯ ಅಡಿಯಿಂದ ಬೆಂದು ಸುಕ್ಕಾದ ಮೊಟ್ಟೆಗಳು ಬಂದವು. ಆಳದಲ್ಲಿದ್ದ ಕೆಲವು ಮಾತ್ರ ಒಡೆದಿದ್ದವು. ಉಗುರಿನಷ್ಟು ಮರಿಗಳು ಹತ್ತಲು ಒಂದು ಕಡ್ಡಿಯೂ ಇಲ್ಲದೆ ಬೂದಿಯಲ್ಲಿ ತಡವರಿಸುತ್ತಿದ್ದವು. ಕಾಗೆಗಳು ಒಂದೊಂದಾಗಿ ಹೆಕ್ಕುತ್ತಿದ್ದವು. ಒಂದು ಮರಿ, ಆ ಬಯಲಲ್ಲಿ ನೆಟ್ಟಗೆ ನಿಂತಿದ್ದ ಒಂದೇ ವಸ್ತುವನ್ನು ಹತ್ತಿತು. ರೆತ್ಸಿಲಿಯ ಕೋಲನ್ನು.

ಅವನು ಕೋಲನ್ನು ಮೆಲ್ಲಗೆ ಕಿತ್ತ. “ಜಾಫಿ, ಇದನ್ನ ಯಾವ ಗಿಡಕ್ಕೆ ದಾಟಿಸ್ಲಿ?”

“ಗಿಡ ಎಲ್ಲಿದೆ ಅಣ್ಣ?”

ಹತ್ತಿರದ ಕಾಡಿಗೆ ಅರ್ಧ ದಿನದ ದಾರಿ. ಹೊರಟ. ಬಿಸಿಲಿಗೆ ಮರಿ ಬೆಳ್ಳಗಾಗುತ್ತಾ ಹೋಯಿತು, ದಾರಿಯಲ್ಲೇ ಉದುರಿಬಿತ್ತು ಎಂದು ಸಂಜೆ ಬಂದು ಹೇಳಿದ. ಬರಿಗೋಲು ಮೂಲೆಗಿಟ್ಟು ಉಣ್ಣದೆ ಮಲಗಿದ.

ಆ ಹೊಲ ಮೂರನೆಯ ವರ್ಷಕ್ಕೆ ಬರೀ ಕಳೆ. ಈಗ ಯಾರಾದರೂ ಕಾಡಿಗೆ ಬೆಂಕಿ ಇಡುತ್ತಾರೆಂದು ಕೇಳಿದರೆ ರೆತ್ಸಿಲಿ ಕೋಲು ಹಿಡಿದು ಅವರ ಬಾಗಿಲಿಗೆ ಹೋಗುತ್ತಾನೆ. “ನಾನೂ ಹುಡುಕಿದ್ದೆ,” ಅನ್ನುತ್ತಾನೆ, ಅಷ್ಟೇ.

ಓದುತ್ತಿರುವವರೇ, ಕೊಂಬೆಯ ಮೇಲೆ ಏನೂ ಕಾಣಲಿಲ್ಲವೆಂದು ಕಾಡು ಖಾಲಿ ಎಂದುಕೊಳ್ಳಬೇಡಿ. ಇರುವ ಹೊಲಕ್ಕೇ ಗೊಬ್ಬರ ಹಾಕಿ, ಉಳಿದ ಕಾಡಿಗೆ ಕಡ್ಡಿ ಗೀರಬೇಡಿ. ದಾಟಿಸುವ ಕೋಲು ಎಲ್ಲರ ಮನೆಯಲ್ಲೂ ಇದೆ. ದಾಟಿಸಲು ಒಂದು ಗಿಡವೂ ಇರಲಿ.