ಹಿಂದೆ ನಡೆಯುವವನೇ ಯಜಮಾನ

೧
ಈ ಕಥೆಯನ್ನು ರಾಷ್ಟ್ರಪತಿಯಿಂದ ಶುರು ಮಾಡಲೋ, ಕುರಿಯಿಂದಲೋ? ಮೇಲಿನಿಂದ ಹೊರಟರೆ ಕೆಳಗೆ ಮುಟ್ಟುವುದರೊಳಗೆ ನನ್ನ ತಿಥಿಯೂ ಮುಗಿದಿರುತ್ತದೆ. ಕುರಿಯೇ ಇರಲಿ.

ಜವನಗೊಂಡನಹಳ್ಳಿ ಕಡೆಯ ಕಾಳಕ್ಕನಿಗೆ ಭೂಮಿಯೇ ಕಾಣದಷ್ಟು ಕುರಿ. (ಸರಿ, ಒಂದು ಹಿಂಡು.) ಅವಳ ಹಟ್ಟಿ ಹೈವೇಯ ಈಚೆ, ಕುರಿ ನೀರು ಕುಡಿಯುವ ಕಟ್ಟೆ ಆಚೆ. ಡಿವೈಡರಿನಲ್ಲಿದ್ದ ಸಂದಿಯನ್ನು ಯಾರೋ ಕಲ್ಲಿಟ್ಟು ಮುಚ್ಚಿದರು. ಈಗ ಮರಿಗಳು ಡಿವೈಡರನ್ನೇ ಹತ್ತಿ ಹಾರಬೇಕು. ಹೋದ ವಾರ ಒಂದು ತಾಯಿಕುರಿ ಲಾರಿಗೆ ಸಿಕ್ಕಿತು, ಅದರ ಮರಿ ಉಳಿಯಿತು. ಸಂದಿ ತೆರೆಸಬೇಕು, ಅಷ್ಟೇ ಕಥೆ. ಯಾರಿಂದ ತೆರೆಸುವುದು ಎಂಬಲ್ಲಿ ನನ್ನ ತಲೆ ಗಿರ್ರೆಂದಿತು.

೨ (ಹರಿದು ಹಾಕಿದ ಡ್ರಾಫ್ಟು)
ಕಾಳಕ್ಕನನ್ನು ಹಿಂಡಿನ ಸಮೇತ ರಾಷ್ಟ್ರಪತಿ ಭವನಕ್ಕೇ ನುಗ್ಗಿಸಿದೆ. ಸರ್ಕಾರಿ ಪರೀಕ್ಷೆಗೆ ಓದುತ್ತಿರುವ ಮೊಮ್ಮಗಳು ಸುಷ್ಮಿತಾ ನಕ್ಕಳು. ಎಲ್ಲ ನಡೆಯುವುದು ರಾಷ್ಟ್ರಪತಿಯ ಹೆಸರಿನಲ್ಲೇ ಅಂತೆ, ಆದರೆ ಅವರು ಮಂತ್ರಿಮಂಡಲ ಹೇಳಿದಂತೆ ನಡೆಯಬೇಕಂತೆ. ಮಂತ್ರಿಮಂಡಲಕ್ಕೆ ಪ್ರಧಾನಿ ದೊಡ್ಡವರಂತೆ, ಆದರೆ ರಸ್ತೆಗೆ ಬೇರೆ ಮಂತ್ರಿಯಂತೆ. ಅವರ ಕೆಳಗೆ ಕಾರ್ಯದರ್ಶಿ, ಅವರ ಕೆಳಗೆ ಜಂಟಿ ಕಾರ್ಯದರ್ಶಿ, ಅವರ ಕೆಳಗೆ ಇನ್ಯಾರೋ.

"ಹಂಗಾದ್ರೆ ಕಲ್ಲು ಕೀಳೋರು ಯಾರೇ?"

"ಫೈಲು ಮೇಲಕ್ಕೆ ಹೋಗಿ ಕೆಳಕ್ಕೆ ಬರ್ಬೇಕಜ್ಜಿ."

ಗಂಡ ಸತ್ತ ಮೇಲೆ ನಮ್ಮ ಮನೆಯ ರಾಷ್ಟ್ರಪತಿ, ಪ್ರಧಾನಿ, ಕಾರ್ಯದರ್ಶಿ ಎಲ್ಲಾ ನಾನೇ. ಆದರೂ ಉಪ್ಪಿನ ಡಬ್ಬಿ ಸಿಗುವುದಿಲ್ಲ.

೩
ಕಾಳಕ್ಕನಿಗೆ ಈ ಗೊಂದಲವಿಲ್ಲ. ಅವಳ ಹಿಂಡಿನಲ್ಲಿ ಗಂಟೆ ಕಟ್ಟಿದ ಹೋತ ಮುಂದೆ, ಕೋಲು ಹಿಡಿದ ಯಜಮಾನ್ತಿ ಕಟ್ಟಕಡೆಗೆ. ಹಾಗಾಗಿ ದೆಹಲಿಯ ಮಂತ್ರಿಯೊಬ್ಬರು ಚಿತ್ರದುರ್ಗಕ್ಕೆ ಬಂದಾಗ, ಹಾರ ಹಾಕಿಸಿಕೊಂಡು ಮುಂದೆ ನಡೆದವರನ್ನು ಬಿಟ್ಟಳು. ನಡುವಿನ ಆಫೀಸರುಗಳನ್ನೂ ಬಿಟ್ಟಳು. ಕೊನೆಯಲ್ಲಿ ಮಡಚಿದ ಕೊಡೆ ಹಿಡಿದು ಬರುತ್ತಿದ್ದವನ ಕಾಲಿಗೆ ಬಿದ್ದಳು.

"ಯಜಮಾನ್ರೇ, ಸಂದಿ ಬಿಡಿಸ್ಕೊಡ್ರಿ. ನನ್ ಮರಿ ಸಾಯ್ತವೆ."

ಅವನು ಬಾಡಿಗೆ ಕಾರಿನ ಡ್ರೈವರ್ ಎರ್ರಿಸ್ವಾಮಿ. ಜನ್ಮದಲ್ಲಿ ಯಾರೂ ಅವನನ್ನು ಯಜಮಾನ ಅಂದಿರಲಿಲ್ಲ. ಪಕ್ಕದಲ್ಲೇ ಕುಂತು ಪೂರ್ತಿ ಕೇಳಿದ. "ಹೇಳ್ತೀನವ್ವ" ಎಂದ. (ಯಾರಿಗೆ? ಅವನೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.)

೪
ಒಂದು ಅಂತ್ಯ: ಎರ್ರಿಸ್ವಾಮಿ ಕಾರಿನಲ್ಲಿ ಮಂತ್ರಿಗೆ ಹೇಳಿದ, ಸಂಜೆಗೆ ಸಂದಿ ತೆರೆಯಿತು. ಬರೆದ ನಾನೇ ನಂಬಲಿಲ್ಲ.

ಇನ್ನೊಂದು: ಫೈಲು ಹೊರಟಿತು. ದುರ್ಗದ ಕೋಟೆಯಷ್ಟು ಎತ್ತರ ಬೆಳೆಯಿತು. ಇಲ್ಲಿಗೆ ಬಂದಾಗ ಕಾಳಕ್ಕ ಪುಟದೊಳಗಿಂದಲೇ ನನ್ನ ಕೈ ಹಿಡಿದಳು.

"ಅಲ್ಲೀವರ್ಗೂ ನನ್ ಕುರಿ ಏನು ಕುಡಿಬೇಕು?"

ನಾನು ಬರೆಯುವವಳು ಮಾತ್ರ, ರಸ್ತೆ ನನ್ನ ಇಲಾಖೆಯಲ್ಲ ಎಂದೆ.

"ನೀನೂ ಅವರಂಗೇ ಮಾತಾಡ್ತೀಯಲ್ಲೇ. ರಾಷ್ಟ್ರಪತಿ ಭವನದೊಳಕ್ಕೆ ಕುರಿ ನುಗ್ಸಿದೋಳು, ಒಂದು ಲಾರಿ ನಿಲ್ಸಾಕ್ಕಾಗಲ್ವೇನು?"

೫
ನಾಚಿಕೆಯಾಗಿ ಬರೆದೆ: ಲಾರಿಗಳು ನಿಂತವು.

"ಕೊನೇ ಮರಿ ದಾಟೋವರ್ಗೂ ಮುಗಿಸ್ಬ್ಯಾಡ" ಎಂದಳು ಕಾಳಕ್ಕ. "ನೀನು ಮುಗಿಸಿದ್ರೆ ಲಾರಿ ಹೊರಡ್ತವೆ."

ಹೋತ ದಾಟಿತು. ತಾಯಿಕುರಿಗಳು ದಾಟಿದವು. ನೀರು ಕುಡಿದು ವಾಪಸ್ಸೂ ಬರಬೇಕಲ್ಲ, ಅದನ್ನು ಆಮೇಲೆ ನೋಡೋಣ. ತಾಯಿ ಇಲ್ಲದ ಆ ಮರಿ ಡಿವೈಡರ್ ಮುಂದೆ ನಡುಗುತ್ತಾ ನಿಂತಿದೆ. ಓದುವವರೇ, ಪುಟ ತಿರುವಬೇಡಿ, ಬೆದರೀತು. ಕಾಳಕ್ಕ ಹಿಂದಿನಿಂದ ಕೋಲು ಚಾಚಿದ್ದಾಳೆ, ಮರಿ ಮುಂಗಾಲು ಎತ್ತಿದೆ,